ಖಾಲಿ ಸೈಟಿನ ನೀರಲ್ಲಿ ಹಳದಿ ಕಪ್ಪೆಗಳು: ನಿನ್ನೆವರೆಗೆ ಎಲ್ಲಿದ್ದವು?

ಬಾಲ್ಕನಿ ಗಿಡ | ಮೇ 5, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಯಲಹಂಕ ದಾಟಿ ರಾಜಾನುಕುಂಟೆ ಕಡೆ ಹೋಗುವಾಗ ಸಿಗುವ ಒಂದು ಹೊಸ ಬಡಾವಣೆಯಲ್ಲಿದೆ. ಪಕ್ಕದ ಸೈಟಿನವರು ಎರಡು ವರ್ಷದ ಹಿಂದೆ ಪಾಯ ತೋಡಿಸಿ ಹಾಗೇ ಬಿಟ್ಟಿದ್ದಾರೆ. ಮೊನ್ನೆವರೆಗೂ ಅದು ಒಣಗಿದ ಗುಂಡಿ. ನಿನ್ನೆ ಸಂಜೆ ಗುಡುಗು, ಗಾಳಿ, ಆಮೇಲೆ ಈ ವರ್ಷದ ಮೊದಲ ಜೋರು ಮಳೆ. ಎರಡೇ ಗಂಟೆಯಲ್ಲಿ ಗುಂಡಿ ಅಂಚಿನವರೆಗೆ ತುಂಬಿತು.

ಕರೆಂಟ್ ಹೋಗಿತ್ತು. ಒಂಬತ್ತರ ಹೊತ್ತಿಗೆ ಸದ್ದು ಶುರುವಾಯಿತು. ಖಾಲಿ ಹಂಡೆಯೊಳಗೆ ಬಾಯಿಟ್ಟು ಯಾರೋ ಗೋಂಕ್, ಗೋಂಕ್ ಅಂದ ಹಾಗೆ. ಒಂದಲ್ಲ, ಹತ್ತಿಪ್ಪತ್ತು. ಮಗನನ್ನು ಕರೆದುಕೊಂಡು ಟಾರ್ಚ್ ಹಿಡಿದು ಹೋದೆ. ನೀರಿನಲ್ಲಿ ನಿಂಬೆಹಣ್ಣಿನ ಬಣ್ಣದ ದೊಡ್ಡ ದೊಡ್ಡ ಕಪ್ಪೆಗಳು! ಕೂಗಿದಾಗಲೆಲ್ಲ ಗಂಟಲಿನ ಎರಡೂ ಬದಿ ಕಡುನೀಲಿ ಗುಳ್ಳೆ ಉಬ್ಬುತ್ತಿತ್ತು. ನನಗೆ 41 ವರ್ಷ, ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು. ಇಂಥದ್ದನ್ನು ನೋಡಿದ್ದು ಇದೇ ಮೊದಲು.

ಮಗ ಕೇಳಿದ, "ಅಮ್ಮ, ನಿನ್ನೆವರೆಗೆ ಇವು ಎಲ್ಲಿದ್ದವು?" ನನಗೆ ಗೊತ್ತಿಲ್ಲ. ಹತ್ತಿರದ ಕೆರೆ ಒಂದೂವರೆ ಕಿಲೋಮೀಟರ್ ದೂರ. ಗೊತ್ತಿದ್ದವರು ದಯವಿಟ್ಟು ಹೇಳಿ.

ರಾತ್ರಿ ಟಾರ್ಚ್ | ಮೇ 5, ಬೆಳಿಗ್ಗೆ 7:35

ಮೇಡಂ, ನಿಮ್ಮ ಅದೃಷ್ಟ ದೊಡ್ಡದು. ಅವು ಬುಲ್‌ಫ್ರಾಗ್. ವೈಜ್ಞಾನಿಕ ಹೆಸರು ಹೋಪ್ಲೋಬ್ಯಾಟ್ರಕಸ್ ಟೈಗರಿನಸ್. ನಮ್ಮ ದೇಶದ ಅತಿ ದೊಡ್ಡ ಕಪ್ಪೆಗಳಲ್ಲಿ ಒಂದು, 15 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಹಳದಿ ಇರುವುದೆಲ್ಲ ಗಂಡು. ಪಕ್ಕದಲ್ಲಿ ಮಂಕು ಹಸಿರು ಬಣ್ಣದ, ಇನ್ನೂ ದಪ್ಪ ಕಪ್ಪೆಗಳು ಇದ್ದಿರಬೇಕು. ಅವು ಹೆಣ್ಣು.

ಈ ಹಳದಿ ವರ್ಷಪೂರ್ತಿ ಇರುವುದಿಲ್ಲ. ಉಳಿದ ದಿನಗಳಲ್ಲಿ ಗಂಡೂ ಹಸಿರು, ಕಂದು, ಮೇಲೆ ಕಪ್ಪು ಮಚ್ಚೆ. ಎಷ್ಟೋ ಸಲ ಬೆನ್ನಿನ ನಡುವೆ ಒಂದು ತಿಳಿ ಗೆರೆ ಇರುತ್ತದೆ. ಬೆನ್ನಿನ ಚರ್ಮ ಉದ್ದುದ್ದ ಮಡಿಕೆ ಮಡಿಕೆಯಾಗಿರುತ್ತದೆ. ಮೊದಲ ದೊಡ್ಡ ಮಳೆ ಬಿದ್ದಾಗ ಮಾತ್ರ ಗಂಡು ಹೀಗೆ ಹಳದಿಯಾಗುತ್ತದೆ, ಕೆಲವೇ ದಿನಕ್ಕೆ. ಆ ಗದ್ದಲದಲ್ಲಿ ಯಾವುದು ಗಂಡು ಎಂದು ದೂರದಿಂದಲೇ ಗೊತ್ತಾಗಲು ಬಣ್ಣ ನೆರವಾಗುತ್ತದೆ ಎಂದು ಕಪ್ಪೆಗಳನ್ನು ಓದಿಕೊಂಡವರು ಹೇಳುತ್ತಾರೆ.

ಇವತ್ತು ರಾತ್ರಿಯೂ ಹೋಗಿ ನೋಡಿ. ನಾಳೆಗೆ ಮುಗಿದು ಹೋಗಿರಬಹುದು.

ನಿವೃತ್ತ ಮೇಷ್ಟ್ರು | ಮೇ 5, ಬೆಳಿಗ್ಗೆ 9:10

ಮಗುವಿನ ಪ್ರಶ್ನೆ ಬಹಳ ಒಳ್ಳೆಯದು. ಮೊದಲು ಅದಕ್ಕೇ ಉತ್ತರ ಕೊಡೋಣ.

ಅವು ಅಲ್ಲೇ ಇದ್ದವು, ನೆಲದೊಳಗೆ. ಇಲಿ ತೋಡಿದ ಬಿಲ, ಕಲ್ಲಿನ ಸಂದು, ಬದುವಿನ ಬಿರುಕು, ಎಲ್ಲಿ ಮಣ್ಣಿನಲ್ಲಿ ಒಂದಿಷ್ಟು ತೇವ ಉಳಿದಿದೆಯೋ ಅಲ್ಲಿ. ಡಿಸೆಂಬರ್ ಕಳೆದ ಮೇಲೆ ಮಳೆಯಿಲ್ಲ, ಗಾಳಿ ಒಣಗುತ್ತದೆ. ಕಪ್ಪೆಗೆ ನಮ್ಮ ಹಾಗೆ ನೀರು ಹಿಡಿದಿಡುವ ಚರ್ಮ ಇಲ್ಲ. ಅದು ಬಾಯಿಂದ ನೀರು ಕುಡಿಯುವುದೇ ಇಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಅದೇ ಚರ್ಮದಿಂದ ನೀರು ಆರಿಯೂ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಒಳಗೆ ಸೇರಿ ಅಲುಗಾಡದೆ ಕೂರುತ್ತದೆ. ಉಸಿರಾಟ, ಎದೆಬಡಿತ ಎಲ್ಲ ನಿಧಾನ. ಮೈಯಲ್ಲಿ ಸೇರಿಸಿಟ್ಟ ಕೊಬ್ಬಿನಲ್ಲೇ ತಿಂಗಳುಗಟ್ಟಲೆ ಬದುಕು. ಇದನ್ನು ಬೇಸಿಗೆ ನಿದ್ದೆ ಎಂದು ಪಾಠ ಮಾಡುತ್ತಿದ್ದೆ. ನಿಮ್ಮ ಬಡಾವಣೆ ಬರುವ ಮುಂಚೆ ಅಲ್ಲಿ ಹೊಲವೋ, ಮಳೆನೀರು ನಿಲ್ಲುವ ಕುಂಟೆಯೋ ಇದ್ದಿರಬೇಕು. ಬುಲ್‌ಫ್ರಾಗ್ ವರ್ಷಗಟ್ಟಲೆ ಬಾಳುವ ಪ್ರಾಣಿ. ಮನೆಗಳು ಎದ್ದರೂ ಅವು ಜಾಗ ಬಿಟ್ಟಿಲ್ಲ.

50 ದಾಟಿದವರಿಗೆ ಒಂದು ಮಾತು. ನಾವು ಪಿಯುಸಿಯಲ್ಲಿ ಟ್ರೇ ಮೇಲೆ ಮಲಗಿಸಿ, ಗುಂಡುಪಿನ್ನು ಚುಚ್ಚಿ ಕೊಯ್ಯುತ್ತಿದ್ದ 'ರಾನಾ ಟೈಗ್ರಿನಾ' ನೆನಪಿದೆಯಾ? ಅದೇ ಈ ಕಪ್ಪೆ. ಹೆಸರು ಬದಲಾಗಿದೆ ಅಷ್ಟೆ. 1802ರಲ್ಲಿ ಫ್ರಾನ್ಸಿನ ದೊದಾ ಎಂಬ ವಿಜ್ಞಾನಿ ಮೊದಲು ಹೆಸರಿಟ್ಟಾಗಲೇ ಹುಲಿಯನ್ನು ನೆನೆದಿದ್ದರು. ನಾನು 28 ವರ್ಷ ಪಾಠ ಮಾಡಿದೆ. ಅದರ ಹೃದಯದ ಮೂರು ಕೋಣೆ ತೋರಿಸಿದೆ, ನರಮಂಡಲ ತೋರಿಸಿದೆ. ಅದು ಮಳೆಯಲ್ಲಿ ಹಳದಿಯಾಗುವುದನ್ನು ಒಬ್ಬ ಹುಡುಗನಿಗೂ ತೋರಿಸಲಿಲ್ಲ. ಆ ಬೇಸರ ಇವತ್ತಿಗೂ ಇದೆ.

ಗೌಡರ ತೋಟ | ಮೇ 5, ಮಧ್ಯಾಹ್ನ 1:20

ನಾವು ದೊಡ್ಡಬಳ್ಳಾಪುರದ ಕಡೆಯವರು. ಇದು ಭರಣಿ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆ ಇದೆಯಲ್ಲ, ಅದು ಕಪ್ಪೆಗೂ ಸೇರಿಸಿ ಹೇಳಿದ್ದು ಅನ್ನಿಸುತ್ತದೆ. ನಮ್ಮಜ್ಜಿ ಇದನ್ನು ಗೋಂಕರು ಕಪ್ಪೆ ಅನ್ನುತ್ತಿದ್ದರು. ಇದರ ಕೂಗು ಕೇಳಿದ ಮಾರನೇ ದಿನ ಅಪ್ಪ ನೇಗಿಲು, ಕುಂಟೆ ಎಲ್ಲ ಅಟ್ಟದಿಂದ ಇಳಿಸುತ್ತಿದ್ದರು. ಈ ಸಲ ನಮ್ಮಲ್ಲಿ ಇನ್ನೂ ಕೂಗಿಲ್ಲ. ನಿಮ್ಮಲ್ಲಿ ಕೂಗಿದ್ದು ಓದಿ ಖುಷಿ ಆಯಿತು.

ಎರಡನೇ ಮಹಡಿ | ಮೇ 5, ಸಂಜೆ 4:05

ಕ್ಷಮಿಸಿ, ನನ್ನದು ಬೇರೆ ಚಿಂತೆ. ನಾನೂ ಅದೇ ಬಡಾವಣೆಯವಳು, ಮೂರನೇ ಕ್ರಾಸ್. ಹೋದ ವರ್ಷ ನನ್ನ ಮಗಳಿಗೆ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಪ್ಲೇಟ್‌ಲೆಟ್ ಇಳಿಯುತ್ತಿದ್ದಾಗ ನಾನು ಪಟ್ಟ ಪಾಡು ಯಾರಿಗೂ ಬೇಡ. ಆ ಗುಂಡಿಯ ನೀರನ್ನು ಪಂಪ್ ಇಟ್ಟು ತೆಗೆಸಿ ಎಂದು ಸೈಟಿನವರಿಗೆ ಹೇಳೋಣ ಅಂತಿದ್ದೆ. ಕಪ್ಪೆ ಮುಖ್ಯವೋ ಮಕ್ಕಳು ಮುಖ್ಯವೋ?

ರಾತ್ರಿ ಟಾರ್ಚ್ | ಮೇ 5, ಸಂಜೆ 5:30

ಅಕ್ಕ, ನಿಮ್ಮ ಭಯ ಅರ್ಥವಾಗುತ್ತದೆ. ಮಕ್ಕಳೇ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ.

ಡೆಂಗಿ ತರುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ಮನೆಯ ಸುತ್ತ ನಿಂತ ತಿಳಿ ನೀರಿನಲ್ಲಿ. ಮುಚ್ಚಳವಿಲ್ಲದ ಡ್ರಮ್, ಹಳೆ ಟೈರ್, ಹೂಕುಂಡದ ತಟ್ಟೆ, ಎಳನೀರು ಚಿಪ್ಪು, ಸಂಪಿನ ಬಾಯಿ, ಫ್ರಿಜ್ ಹಿಂದಿನ ಟ್ರೇ. ಅಲ್ಲಿ ಸೊಳ್ಳೆ ಮರಿಯನ್ನು ತಿನ್ನುವವರು ಯಾರೂ ಇರುವುದಿಲ್ಲ. ಮಣ್ಣಿನ ಗುಂಡಿಯಲ್ಲಿ ಒಂದು ವಾರದೊಳಗೆ ನೀರು ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಬಂದು ಸೇರುತ್ತವೆ. ಈ ಕಪ್ಪೆಯ ಗೊದಮೊಟ್ಟೆಗಳಂತೂ ಬೇಟೆಗಾರರೇ. ಸೊಳ್ಳೆ ಮರಿಯನ್ನೂ ಬಿಡುವುದಿಲ್ಲ. ಹಾಗಂತ ಕಪ್ಪೆ ಇದ್ದರೆ ಸೊಳ್ಳೆಯೇ ಇರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬೇರೆ ಜಾತಿಯ ಸೊಳ್ಳೆ ಗುಂಡಿಯಲ್ಲೂ ಹುಟ್ಟಬಹುದು. ಆದರೆ ಡೆಂಗಿಯ ಭಯಕ್ಕೆ ಮೊದಲು ನೋಡಬೇಕಾದ್ದು ಮನೆ ಮನೆಯ ಡ್ರಮ್ಮನ್ನು.

ಒಂದೇ ವಿನಂತಿ, ಆ ನೀರಿಗೆ ಎಣ್ಣೆ, ಫಿನಾಯಿಲ್, ಔಷಧಿ ಯಾವುದನ್ನೂ ಹಾಕಿಸಬೇಡಿ. ಚರ್ಮದಿಂದ ಕುಡಿಯುವ ಪ್ರಾಣಿ ಅದು.

ಬಾಲ್ಕನಿ ಗಿಡ | ಮೇ 6, ರಾತ್ರಿ 10:15

ಮಕ್ಕಳು ಬೀಳಬಾರದು ಎಂದು ಗುಂಡಿಯ ಸುತ್ತ ನಾಲ್ಕು ಬೊಂಬು ನೆಟ್ಟು ಹಗ್ಗ ಕಟ್ಟಿದ್ದೇವೆ. ಸೈಟಿನವರಿಗೆ ಫೋನ್ ಮಾಡಿದೆ. ಜುಲೈವರೆಗೆ ಕೆಲಸ ಶುರು ಮಾಡುವುದಿಲ್ಲ, ನೋಡಿಕೊಳ್ಳಿ ಅಂದರು.

ನಿನ್ನೆ ರಾತ್ರಿ ಕಂಡದ್ದನ್ನು ಬರೆಯಲೇಬೇಕು. ಗಂಡುಗಳು ಕುಸ್ತಿಗೆ ಬಿದ್ದಿದ್ದವು. ಒಂದರ ಮೇಲೆ ಒಂದು ಹಾರಿ, ತಬ್ಬಿ, ಮುಳುಗಿಸಿ. ಒಂದು ಹೆಣ್ಣಿನ ಬೆನ್ನ ಮೇಲೆ ಒಂದು ಗಂಡು ಕೂತು ಎರಡೂ ತೋಳಿನಿಂದ ಬಿಗಿಯಾಗಿ ಹಿಡಿದಿತ್ತು. ಬೇರೆ ಮೂರು ಬಂದು ಎಳೆದರೂ ಬಿಡಲಿಲ್ಲ. ಬೆಳಿಗ್ಗೆ ನೋಡಿದರೆ ಹುಲ್ಲು ಮುಳುಗಿದ ಕಡೆ ಕಪ್ಪು ಬಿಳಿ ಚುಕ್ಕಿಯ ಮೊಟ್ಟೆಗಳು. ಸಾಬಕ್ಕಿ ಪಾಯಸ ಚೆಲ್ಲಿದ ಹಾಗೆ.

ಇವತ್ತು ಒಂದು ದನಿಯೂ ಇಲ್ಲ. ಎಲ್ಲ ಹೋಗಿವೆ.

ನಿವೃತ್ತ ಮೇಷ್ಟ್ರು | ಮೇ 7, ಬೆಳಿಗ್ಗೆ 8:00

ಒಂದೆರಡು ರಾತ್ರಿಯಲ್ಲಿ ವರ್ಷದ ಕೆಲಸ ಮುಗಿಸುವ ಜಾತಿ ಅದು. ಹೆಣ್ಣು ಮೊಟ್ಟೆ ಇಡುತ್ತಿರುವಾಗಲೇ ಗಂಡು ನೀರಿನಲ್ಲಿ ಅದನ್ನು ಫಲಗೊಳಿಸುತ್ತದೆ. ಅದಕ್ಕೇ ಆ ಬಿಗಿ ಹಿಡಿತ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆಮೇಲೆ ಅಪ್ಪ ಅಮ್ಮ ಇಬ್ಬರೂ ತಿರುಗಿ ನೋಡುವುದಿಲ್ಲ.

ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನಕ್ಕೇ ಮೊಟ್ಟೆ ಒಡೆಯುತ್ತದೆ. ಮಗನಿಗೆ ಒಂದು ನೋಟ್‌ಬುಕ್ ಕೊಡಿ. ದಿನಾಂಕ, ನೀರಿನ ಆಳ, ಕಂಡದ್ದು, ಇಷ್ಟು ಬರೆದರೆ ಸಾಕು.

ಏರಿ ಮೇಲಿನ ನಡಿಗೆ | ಮೇ 9, ಬೆಳಿಗ್ಗೆ 7:20

ಈ ಚರ್ಚೆ ಈಗಷ್ಟೇ ನೋಡಿದೆ. ನಾನು ನಮ್ಮ ಕಡೆಯ ಒಂದು ಕೆರೆಯ ಕೆಲಸದಲ್ಲಿ ಕೆಲವರ ಜೊತೆ ತೊಡಗಿಕೊಂಡಿದ್ದೇನೆ. ಒಂದು ಸಲಹೆ: ಗುಂಡಿ ಹೇಗೂ ಒಣಗುತ್ತದೆ. ಗೊದಮೊಟ್ಟೆಗಳನ್ನು ಬಕೆಟ್ಟಿನಲ್ಲಿ ಹಿಡಿದು ಕೆರೆಗೆ ಬಿಟ್ಟರೆ ಹೇಗೆ? ಕೆರೆಯಲ್ಲಿ ವರ್ಷವಿಡೀ ನೀರು ಇರುತ್ತದೆ. ಅಲ್ಲಿ ಚೆನ್ನಾಗಿರುತ್ತವೆ ಅಲ್ವಾ?

ರಾತ್ರಿ ಟಾರ್ಚ್ | ಮೇ 9, ಬೆಳಿಗ್ಗೆ 11:45

ದಯವಿಟ್ಟು ಹಾಗೆ ಮಾಡಬೇಡಿ ಸರ್. ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಬೆಂಗಳೂರಿನಲ್ಲಿ ಕಪ್ಪೆಗಳ ಕಥೆ ಕೆಟ್ಟಿದ್ದು ಇಲ್ಲೇ.

ಕೆರೆಯಲ್ಲಿ ವರ್ಷವಿಡೀ ನೀರಿದ್ದರೆ ಅಲ್ಲಿ ವರ್ಷವಿಡೀ ಮೀನೂ ಇರುತ್ತದೆ. ಜಿಲೇಬಿ, ಕ್ಯಾಟ್‌ಫಿಶ್, ಸೊಳ್ಳೆಗೆಂದು ಬಿಟ್ಟ ಗಂಬೂಸಿಯಾ. ಇವೆಲ್ಲ ಕಪ್ಪೆ ಮೊಟ್ಟೆಗೆ, ಗೊದಮೊಟ್ಟೆಗೆ ಬಾಯಿ ಹಾಕುತ್ತವೆ. ಬುಲ್‌ಫ್ರಾಗ್ ಅಷ್ಟು ದೊಡ್ಡ ಪ್ರಾಣಿಯಾಗಿದ್ದರೂ ಮೊಟ್ಟೆಗೆ ಹುಡುಕುವುದು ಮೊನ್ನೆ ಮಳೆಗೆ ತುಂಬಿದ, ಮೊಣಕಾಲುದ್ದದ, ಮೀನಿಲ್ಲದ ನೀರನ್ನು. ಒಣಗಿಹೋಗುವ ನೀರು ಅದಕ್ಕೆ ಕೊರತೆಯಲ್ಲ. ಒಣಗುವುದರಿಂದಲೇ ಅಲ್ಲಿ ಮೀನಿಲ್ಲ. ಮರಿಗಳು ಬೇಗ ಬೆಳೆದು ಹೊರಗೆ ಬಂದರೆ ಗೆದ್ದ ಹಾಗೆ.

ಹಿಂದಿನ ಬೆಂಗಳೂರಿನ ಕೆರೆಗಳನ್ನು ನೆನಪಿಸಿಕೊಳ್ಳಿ. ಒಂದು ಕೆರೆಯ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಮಳೆಗಾಲದಲ್ಲಿ ತುಂಬುತ್ತಿದ್ದವು, ಬೇಸಿಗೆಯಲ್ಲಿ ಎಷ್ಟೋ ಕೆರೆ ಬತ್ತುತ್ತಿದ್ದವು. ಬತ್ತಿದ ಅಂಗಳದ ಗೋಡನ್ನು ರೈತರು ಹೊಲಕ್ಕೆ ಹೊಡೆಯುತ್ತಿದ್ದರು. ಅಂಚು ತಟ್ಟೆಯ ಹಾಗೆ ಇಳಿಜಾರಾಗಿತ್ತು. ಏರಿಯ ಎದುರು ದಡದಲ್ಲಿ ಜೊಂಡು, ಆಪು, ಗೊರಸು ಮುಳುಗುವಷ್ಟು ನೀರು, ಅದರಾಚೆ ಗೋಮಾಳ, ಅಲ್ಲಲ್ಲಿ ಕುಂಟೆ. ಕಪ್ಪೆಗೆ ಬೇಕಾದ್ದು ಆ ಅಂಚು, ಆ ಕುಂಟೆ, ಮತ್ತೆ ಬೇಸಿಗೆಗೆ ಅವಿತುಕೊಳ್ಳಲು ಒಂದಿಷ್ಟು ಮೆತ್ತನೆ ಮಣ್ಣು.

ಈಗ ಏನಾಗಿದೆ? ಮನೆಗಳ ಕೊಳಚೆ ನೀರು ಬಂದು ಕೆರೆಗಳು ಬತ್ತುವುದನ್ನೇ ಮರೆತಿವೆ. ಅಭಿವೃದ್ಧಿ ಮಾಡುವಾಗ ನಡುವೆ ಆಳಕ್ಕೆ ತೋಡುತ್ತಾರೆ, ಸುತ್ತ ಕಲ್ಲು ಜೋಡಿಸುತ್ತಾರೆ, ಮೇಲೆ ವಾಕಿಂಗ್ ಪಾತ್, ದೀಪ. ತಟ್ಟೆ ಇದ್ದದ್ದು ಬಾಣಲೆ ಆಗಿದೆ. ನೋಡಲು ತುಂಬಿದ ಕೆರೆ, ಆದರೆ ಬುಲ್‌ಫ್ರಾಗ್ ಮೊಟ್ಟೆ ಇಡಲು ಒಂದು ಮೊಳ ಜಾಗವಿಲ್ಲ. ಕೆರೆಯ ಪಕ್ಕದ ಗೋಮಾಳ, ಕುಂಟೆ ಸೈಟ್ ಆಗಿವೆ. ಅದಕ್ಕೇ ಅವು ಪಾಯದ ಗುಂಡಿಗೆ ಬಂದಿವೆ ಸರ್.

ಇನ್ನೊಂದು ಕಾರಣವೂ ಇದೆ. ಕಪ್ಪೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವುದು ಒಳ್ಳೆಯದಲ್ಲ. ರೋಗವೂ ಜೊತೆಗೆ ಹೋಗುತ್ತದೆ. ಅಂಡಮಾನ್ ದ್ವೀಪದಲ್ಲಿ ಇದೇ ಬುಲ್‌ಫ್ರಾಗ್ ಮೊದಲು ಇರಲಿಲ್ಲ. ಮನುಷ್ಯರಿಂದ ಅಲ್ಲಿಗೆ ತಲುಪಿತು. ಈಗ ಅದರ ಗೊದಮೊಟ್ಟೆಗಳು ಅಲ್ಲಿನ ಬೇರೆ ಕಪ್ಪೆಗಳ ಗೊದಮೊಟ್ಟೆಗಳನ್ನು ತಿಂದು ಹಾಕುತ್ತಿವೆ. ಮಡಗಾಸ್ಕರ್‌ನಲ್ಲೂ ಹೊರಗಿನಿಂದ ಹೋಗಿ ಬೇರೂರಿದೆ.

ಏರಿ ಮೇಲಿನ ನಡಿಗೆ | ಮೇ 9, ರಾತ್ರಿ 9:30

ನಾಲ್ಕು ಸಲ ಓದಿದೆ. ನಾವು ನಮ್ಮ ಕೆರೆಯ ದಡಕ್ಕೆ ಕಲ್ಲು ಜೋಡಿಸಬೇಕು ಎಂದು ನಾವೇ ಅರ್ಜಿ ಕೊಟ್ಟವರು. ಮಣ್ಣು ಕುಸಿಯುತ್ತದೆ, ಹಾವು ಬರುತ್ತದೆ ಎಂದು. ಕೆಲಸ ಆದ ಮೇಲೆ ಹಕ್ಕಿಗಳಲ್ಲಿ ಕಾಲುದ್ದದವು ಕಡಿಮೆಯಾದದ್ದು ನೋಡಿದ್ದೆವು. ಅವಕ್ಕೂ ನಿಲ್ಲಲು ತೆಳು ನೀರು ಬೇಕು. ಕಪ್ಪೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಉತ್ತರದ ಒಂದು ಬದಿ ಇನ್ನೂ ಕಲ್ಲು ಹಾಕದೆ ಉಳಿದಿದೆ. ಅದನ್ನು ಹಾಗೇ ಉಳಿಸಲು ಈಗಲೇ ಬರೆದು ಕೊಡುತ್ತೇನೆ.

ಕಾಸರಗೋಡಿನವ | ಮೇ 10, ಬೆಳಿಗ್ಗೆ 8:40

ನಾನು ಈಗ ವಿಜಯನಗರದಲ್ಲಿದ್ದರೂ ಊರು ಕಾಸರಗೋಡು. ನನ್ನ ಸೋದರಮಾವ ಹೇಳುತ್ತಿದ್ದ ಮಾತು. ಅವರು ಹುಡುಗರಾಗಿದ್ದಾಗ ಮಳೆ ಶುರುವಾದ ಕೂಡಲೇ ರಾತ್ರಿ ಗ್ಯಾಸ್‌ಲೈಟ್ ಹಿಡಿದು ಗದ್ದೆಗೆ ಇಳಿಯುವವರು ಇದ್ದರಂತೆ. ಬೆಳಕು ಕಣ್ಣಿಗೆ ಬಿದ್ದರೆ ಈ ಕಪ್ಪೆ ಕೂತಲ್ಲೇ ಕೂರುತ್ತದೆ. ಗೋಣಿ ತುಂಬಾ ಹಿಡಿದು ಮಾರುತ್ತಿದ್ದರು. ಹಿಂಗಾಲು ಮಾತ್ರ ಬೇಕಾದ್ದು, ಫ್ರೀಜ್ ಮಾಡಿ ಹಡಗಿನಲ್ಲಿ ಯುರೋಪ್, ಅಮೆರಿಕಕ್ಕೆ. ಆಮೇಲಾಮೇಲೆ ಗದ್ದೆಯಲ್ಲಿ ಕೂಗೇ ಇಲ್ಲ, ಹುಳದ ಕಾಟ ಜಾಸ್ತಿ ಆಯಿತು ಅನ್ನುತ್ತಿದ್ದರು.

ನಿವೃತ್ತ ಮೇಷ್ಟ್ರು | ಮೇ 10, ಸಂಜೆ 6:15

ನಿಮ್ಮ ಮಾವ ಹೇಳಿದ್ದು ನಿಜ. ಆ ವ್ಯಾಪಾರ ಬಹಳ ದೊಡ್ಡದಿತ್ತು. 1985ರಲ್ಲಿ ಈ ಕಪ್ಪೆಯನ್ನು ಸೈಟಿಸ್, ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. 1987ರಲ್ಲಿ ಭಾರತ ಕಪ್ಪೆ ಕಾಲಿನ ರಫ್ತನ್ನೇ ನಿಲ್ಲಿಸಿತು. 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯೂ ಇದೆ. ಹಿಡಿಯುವುದು, ಕೊಲ್ಲುವುದು ಅಪರಾಧ.

ಕಪ್ಪೆ ಓದಿಗೂ ನಮ್ಮ ಊರಿಗೂ ಹಳೆಯ ನಂಟಿದೆ. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ದಕ್ಷಿಣ ಭಾರತದ ಎಷ್ಟೋ ಕಪ್ಪೆಗಳನ್ನು ಮೊದಲ ಸಲ ವಿವರಿಸಿ ಬರೆದವರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರು ಕೂಡಿಟ್ಟ ಕಪ್ಪೆಯ ಮಾದರಿಗಳು ಆಮೇಲೆ ಕಳೆದುಹೋದವು. ಅದು ತುಂಬಲಾರದ ನಷ್ಟ. 2010ರಲ್ಲಿ ಪಶ್ಚಿಮ ಘಟ್ಟದ ಪುಟ್ಟ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ನೆನಪಿಗೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು.

ಇನ್ನು ರಾಜಾನುಕುಂಟೆ ಅಂದಿರಲ್ಲ, ಅದಕ್ಕೂ ಒಂದು ಸುದ್ದಿ. 2020ರಲ್ಲಿ ಅಲ್ಲಿನ ಬುಡುಮನಹಳ್ಳಿಯ ಬರಡು ನೆಲದಲ್ಲಿ ಒಂದು ಹೊಸ ಕಪ್ಪೆ ಜಾತಿ ಸಿಕ್ಕಿದೆ ಎಂದು ವಿಜ್ಞಾನಿಗಳು ಪ್ರಕಟಿಸಿದರು. ನೆಲ ತೋಡಿ ಒಳಗೆ ಕೂರುವ ಪುಟ್ಟ ಗುಂಡು ಕಪ್ಪೆ. ಹೆಸರು ಸ್ಫೆರೋಥೀಕಾ ಬೆಂಗಳೂರು! ಯಾರೂ ಎರಡನೇ ಸಲ ತಿರುಗಿ ನೋಡದ ಜಾಗದಲ್ಲಿ ನಮ್ಮ ಊರಿನ ಹೆಸರು ಹೊತ್ತ ಕಪ್ಪೆ. ಖಾಲಿ ಜಾಗ ಎಂದು ನಾವು ಅನ್ನುವುದು ಖಾಲಿ ಇರುವುದಿಲ್ಲ.

ಬಾಲ್ಕನಿ ಗಿಡ | ಮೇ 14, ರಾತ್ರಿ 8:50

ಮಗನ ನೋಟ್‌ಬುಕ್ಕಿನಿಂದ: ಗೊದಮೊಟ್ಟೆ ಈಗ ಹುರಳಿಕಾಳಿಗಿಂತ ದೊಡ್ಡದು. ಎರಡು ತರಹ ಇವೆ. ಒಂದು ಕಪ್ಪಗೆ, ಚಿಕ್ಕದು, ಗುಂಪು ಗುಂಪಾಗಿ ಓಡಾಡುತ್ತದೆ. ಇನ್ನೊಂದು ಕಂದು, ತಲೆ ದೊಡ್ಡದು, ಒಂಟೊಂಟಿ. ಇವತ್ತು ಒಂದು ಕಂದು ಗೊದಮೊಟ್ಟೆ ಇನ್ನೊಂದನ್ನು ಬಾಲದ ಕಡೆಯಿಂದ ತಿನ್ನುತ್ತಿತ್ತು. ಮಗ ಅತ್ತುಬಿಟ್ಟ. ಏನು ಹೇಳಲಿ?

ರಾತ್ರಿ ಟಾರ್ಚ್ | ಮೇ 14, ರಾತ್ರಿ 9:20

ಕಪ್ಪು ಗುಂಪು ನಮ್ಮ ಸಾಮಾನ್ಯ ನೆಲಗಪ್ಪೆಯದು ಇರಬೇಕು. ಅದು ಮಾಲೆಯ ಹಾಗೆ ಉದ್ದ ಎಳೆಯಲ್ಲಿ ಮೊಟ್ಟೆ ಇಡುತ್ತದೆ. ಕಂದು ಬಣ್ಣದ್ದು ಬುಲ್‌ಫ್ರಾಗ್. ಬೇರೆ ಎಷ್ಟೋ ಗೊದಮೊಟ್ಟೆಗಳು ಪಾಚಿ ಕೆರೆದು ತಿಂದರೆ ಇದು ಮಾಂಸ ಹರಿಯುವುದಕ್ಕೇ ಗಟ್ಟಿ ದವಡೆ ಹೊತ್ತು ಹುಟ್ಟುತ್ತದೆ. ಬೇರೆ ಜಾತಿಯದನ್ನೂ ತಿನ್ನುತ್ತದೆ, ತನ್ನ ಒಡಹುಟ್ಟಿದವನ್ನೂ ಬಿಡುವುದಿಲ್ಲ.

ಮಗನಿಗೆ ಹೀಗೆ ಹೇಳಿ ನೋಡಿ. ನೀರು ಒಣಗುವ ಮುಂಚೆ ಕಾಲು ಬರಬೇಕು. ಪಾಚಿ ತಿಂದು ನಿಧಾನಕ್ಕೆ ಬೆಳೆಯಲು ಪುರುಸೊತ್ತಿಲ್ಲ. ಸಾವಿರದಲ್ಲಿ ಕೆಲವು ಬೇಗ ಬೆಳೆದು ಹೊರಗೆ ಹೋಗುತ್ತವೆ, ಉಳಿದವು ಅವಕ್ಕೆ ಊಟವಾಗುತ್ತವೆ. ಕೊಕ್ಕರೆಗೆ, ನೀರುಹಾವಿಗೆ, ಮಿಂಚುಳ್ಳಿಗೂ ಇವೇ ಊಟ. ದೊಡ್ಡದಾದ ಮೇಲೆ ಬುಲ್‌ಫ್ರಾಗ್ ಹುಳು, ಏಡಿ, ಇಲಿಮರಿ, ಚಿಕ್ಕ ಹಾವು, ಬೇರೆ ಕಪ್ಪೆ, ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ. ಕೇರೆಹಾವು, ನಾಗರಹಾವು ಅದನ್ನು ನುಂಗುತ್ತವೆ. ಅತ್ತದ್ದು ತಪ್ಪಲ್ಲ. ಅವನು ಗಮನ ಇಟ್ಟು ನೋಡುತ್ತಿದ್ದಾನೆ.

ಬಾಲ್ಕನಿ ಗಿಡ | ಮೇ 27, ಬೆಳಿಗ್ಗೆ 6:30

ಹನ್ನೊಂದು ದಿನದಿಂದ ಮಳೆ ಇಲ್ಲ. ನೀರು ಒಂದು ಗೇಣಿಗೆ ಇಳಿದಿದೆ. ಹಿಂಗಾಲು ಬಂದಿದೆ, ಮುಂಗಾಲು ಇನ್ನೂ ಇಲ್ಲ. ನಲ್ಲಿ ನೀರು ಬಿಡಲೇ? ಟ್ಯಾಂಕರ್ ಹೇಳಲೇ?

ನಿವೃತ್ತ ಮೇಷ್ಟ್ರು | ಮೇ 27, ಬೆಳಿಗ್ಗೆ 7:15

ನಲ್ಲಿ ನೀರು ಬೇಡ. ಕ್ಲೋರಿನ್ ಇರುತ್ತದೆ, ಕಿವಿರಿನಲ್ಲಿ ಉಸಿರಾಡುವ ಜೀವಕ್ಕೆ ವಿಷ.

ರಾತ್ರಿ ಟಾರ್ಚ್ | ಮೇ 27, ಬೆಳಿಗ್ಗೆ 8:05

ನನ್ನ ಅಭಿಪ್ರಾಯ ಕೇಳಿದರೆ, ಏನೂ ಹಾಕಬೇಡಿ. ನೀರು ಇಳಿಯುವುದೇ ಬೇಗ ಬೆಳೆಯಲು ಅವಕ್ಕೆ ಸೂಚನೆ. ಈ ಜೂಜನ್ನು ಲಕ್ಷಾಂತರ ವರ್ಷದಿಂದ ಆಡುತ್ತಾ ಬಂದಿವೆ.

ಗೌಡರ ತೋಟ | ಮೇ 27, ಬೆಳಿಗ್ಗೆ 10:40

ತಮ್ಮ, ನೀನು ಹೇಳುವುದು ಕಾಡಿಗೆ, ಹೊಲಕ್ಕೆ ಸರಿ. ಅಲ್ಲಿ ಹತ್ತು ಕುಂಟೆ ಇರುತ್ತದೆ, ಒಂದು ಒಣಗಿದರೆ ಒಂಬತ್ತು ಉಳಿಯುತ್ತದೆ. ಆ ಬಡಾವಣೆಯಲ್ಲಿ ಇರುವುದು ಇದೊಂದೇ. ಮಳೆಕೊಯ್ಲಿನ ನೀರು ಇದ್ದರೆ ನಾಲ್ಕು ಬಿಂದಿಗೆ ಹಾಕಲಿ ಬಿಡು.

ಮತ್ತೆ ತಾಯಿ, ಇನ್ನೊಂದು ಮುಖ್ಯ ವಿಷಯ. ಪಾಯದ ಗೋಡೆ ನೆಟ್ಟಗಿದೆಯಾ? ನೀರು ತುಂಬಿದ್ದಾಗ ದೊಡ್ಡ ಕಪ್ಪೆಗಳು ಬಂದು ಹೋದವು ಸರಿ. ಈಗ ನೀರು ಕೆಳಗೆ ಇಳಿದಿದೆ. ಮರಿ ಹೇಗೆ ಮೇಲೆ ಬರುತ್ತದೆ? ಇವು ಮರಗಪ್ಪೆ ಅಲ್ಲ, ಬೆರಳ ತುದಿಯಲ್ಲಿ ಅಂಟಿಲ್ಲ, ಗೋಡೆ ಹತ್ತಲು ಬರುವುದಿಲ್ಲ. ನಮ್ಮ ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಮೊದಲ ವರ್ಷ ಎಷ್ಟು ಕಪ್ಪೆ, ಓತಿಕ್ಯಾತ, ಒಂದು ಮೊಲದ ಮರಿ ಸಹ ಜಾರಿ ಬಿದ್ದು ಸತ್ತವು. ನೋಡಿ ಹೊಟ್ಟೆ ಉರಿಯಿತು. ಆಮೇಲೆ ನಾಲ್ಕೂ ಮೂಲೆಗೆ ಗೋಣಿಚೀಲ ಹೊಲಿದು ಇಳಿಬಿಟ್ಟೆ. ಈಗ ಸಾಯುವುದು ನಿಂತಿದೆ. ನೀವೂ ಒಂದು ಮೂಲೆಯಲ್ಲಿ ಮಣ್ಣು, ಇಟ್ಟಿಗೆ ಚೂರು ಹಾಕಿ ಇಳಿಜಾರು ಮಾಡಿ. ಬೇಗ.

ರಾತ್ರಿ ಟಾರ್ಚ್ | ಮೇ 27, ಬೆಳಿಗ್ಗೆ 11:10

ಗೌಡ್ರೇ, ಇಳಿಜಾರಿನ ವಿಷಯ ನನಗೆ ಹೊಳೆದಿರಲಿಲ್ಲ. ಇದೊಂದೇ ಗುಂಡಿ ಅನ್ನುವ ಮಾತನ್ನೂ ಒಪ್ಪುತ್ತೇನೆ. ಮೇಡಂ, ಮಳೆ ನೀರಾದರೆ ಹಾಕಿ, ಸ್ವಲ್ಪ ಸ್ವಲ್ಪ.

ಬಾಲ್ಕನಿ ಗಿಡ | ಮೇ 28, ರಾತ್ರಿ 9:40

ನಮ್ಮ ಚಾವಣಿಯಿಂದ ಹಿಡಿದಿಟ್ಟ ನೀರು 12 ಬಿಂದಿಗೆ ಹಾಕಿದೆವು. ಯಜಮಾನರು, ಮಗ, ಎದುರು ಮನೆಯ ಹುಡುಗರು ಸೇರಿ ಪೂರ್ವದ ಮೂಲೆಯಲ್ಲಿ ಮಣ್ಣಿನ ಇಳಿಜಾರು ಕಟ್ಟಿದ್ದಾರೆ. ಮೇಲೆ ಒದ್ದೆ ಗೋಣಿ ಹಾಸಿದ್ದೇವೆ. ಗುಂಡಿಗೆ ಕಟ್ಟಡದ ಅವಶೇಷ ಸುರಿಯಲು ಒಂದು ಟಿಪ್ಪರ್ ಬಂದಿತ್ತು. ಮೂರನೇ ಕ್ರಾಸಿನ ಮೇಡಂ ಅಡ್ಡ ನಿಂತು ವಾಪಸ್ ಕಳಿಸಿದರಂತೆ. ಅವರಿಗೆ ಹೇಗೆ ಧನ್ಯವಾದ ಹೇಳಲಿ.

ಎರಡನೇ ಮಹಡಿ | ಮೇ 28, ರಾತ್ರಿ 10:05

ಧನ್ಯವಾದ ಬೇಡ. ಮಗಳು ದಿನಾ ಸಂಜೆ ನಿಮ್ಮ ಮಗನ ಜೊತೆ ಅಲ್ಲೇ ಕೂರುತ್ತಾಳೆ. ನಾನೂ ಹೋಗಿ ನೋಡಿದೆ. ಗುಂಡಿಯಲ್ಲಿ ಹುಡುಕಿ ಹುಡುಕಿ ಒಂದು ಸೊಳ್ಳೆ ಮರಿ ಸಿಗಲಿಲ್ಲ. ನಮ್ಮದೇ ಮನೆ ಟೆರೇಸಿನ ಹಳೇ ಬಕೆಟ್ಟಿನಲ್ಲಿ ತುಂಬ ಇದ್ದವು. ಚೆಲ್ಲಿದೆ.

ಗೌಡರ ತೋಟ | ಜೂನ್ 2, ಬೆಳಿಗ್ಗೆ 5:50

ರೋಹಿಣಿ ಮಳೆ ಬಿತ್ತು. ನಮ್ಮ ಕುಂಟೆಯಲ್ಲೂ ರಾತ್ರಿಯಿಡೀ ಕೂಗಿದವು. ಹೆಂಡತಿ ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗಿ ತೋರಿಸಿದೆ.

ಬಾಲ್ಕನಿ ಗಿಡ | ಜೂನ್ 11, ಬೆಳಿಗ್ಗೆ 7:00

38ನೇ ದಿನ. ಬೆಳಿಗ್ಗೆ ಐದೂವರೆಗೆ ಗೋಣಿ ಮೇಲೆ ಏಳು ಮರಿಗಳು ಕೂತಿದ್ದವು. ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಮೂರಕ್ಕೆ ಇನ್ನೂ ಮೋಟು ಬಾಲ. ಮಗ ಪಿಸುಗುಟ್ಟಿದ, ಬೆನ್ನಿನ ಮೇಲೆ ಆಗಲೇ ಗೆರೆ ಇದೆ ಅಮ್ಮ.

ನಿವೃತ್ತ ಮೇಷ್ಟ್ರು | ಜೂನ್ 11, ಬೆಳಿಗ್ಗೆ 7:40

ಆ ಬಾಲ ಉದುರುವುದಿಲ್ಲ, ಒಳಗೇ ಕರಗಿ ಮೈಗೆ ಸೇರುತ್ತದೆ. ಅಷ್ಟು ದಿನ ಮರಿ ಏನೂ ತಿನ್ನುವುದಿಲ್ಲ. ಬಾಯಿಯೇ ಹೊಸದಾಗಿ ರೂಪ ತಾಳುತ್ತಿರುತ್ತದೆ. ನಾಳೆ ಬೆಳಿಗ್ಗೆ ನಾನೂ ಬರಲೇ? ವಿದ್ಯಾರಣ್ಯಪುರದಿಂದ ಆಟೊದಲ್ಲಿ ಬರುತ್ತೇನೆ.

ಬಾಲ್ಕನಿ ಗಿಡ | ಜೂನ್ 11, ಬೆಳಿಗ್ಗೆ 7:45

ಖಂಡಿತ ಬನ್ನಿ ಮೇಷ್ಟ್ರೇ. ಐದು ಗಂಟೆಗೆ ಬನ್ನಿ. ತಿಂಡಿ ನಮ್ಮ ಮನೆಯಲ್ಲೇ.

ಬಾಲ್ಕನಿ ಗಿಡ | ಜುಲೈ 3, ರಾತ್ರಿ 8:30

ಇವತ್ತು ಸೈಟಿನವರು ಕೆಲಸ ಶುರು ಮಾಡಿದರು. ಕೊನೆಯ ಮರಿ ಹೋಗಿ ಹನ್ನೆರಡು ದಿನ ಆಗಿತ್ತು. ನೋಟ್‌ಬುಕ್ಕಿನ ಪ್ರಕಾರ ಇಳಿಜಾರಿನ ಮೇಲೆ ನಾವು ಎಣಿಸಿದ್ದು 64. ರಾತ್ರಿ ಹೋದವು ಎಷ್ಟೋ.

ಬಡಾವಣೆಯ ಕೊನೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವಿದೆ. ಅದರ ಒಂದು ಮೂಲೆ ತಗ್ಗು, ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಹಳಬರು ಅಲ್ಲಿ ಮೊದಲು ಕುಂಟೆ ಇತ್ತು ಅನ್ನುತ್ತಾರೆ. ಮಣ್ಣು ತುಂಬಿಸಿ ಲಾನ್ ಮಾಡುವ ಯೋಚನೆ ಸಂಘದ್ದು. ಆ ಮೂಲೆಯನ್ನು ತಗ್ಗಾಗಿಯೇ ಬಿಡಿ, ಸಿಮೆಂಟ್ ಬೇಡ, ಮೀನು ಬಿಡಬೇಡಿ, ಸುತ್ತ ಬೇಲಿ ಹಾಕೋಣ ಎಂದು ಕೇಳಬೇಕು. ಸಭೆ ಈ ಭಾನುವಾರ ಹತ್ತೂವರೆಗೆ. ಯಾರಾದರೂ ಜೊತೆಗೆ ಬರುತ್ತೀರಾ?

ರಾತ್ರಿ ಟಾರ್ಚ್ | ಜುಲೈ 3, ರಾತ್ರಿ 8:41

ಬರುತ್ತೇನೆ ಮೇಡಂ. ಫೋಟೊಗಳನ್ನೂ ತರುತ್ತೇನೆ.

ಏರಿ ಮೇಲಿನ ನಡಿಗೆ | ಜುಲೈ 3, ರಾತ್ರಿ 9:02

ನಾನೂ ಬರುತ್ತೇನೆ. ನಮ್ಮ ಕೆರೆಯ ಉತ್ತರದ ದಡಕ್ಕೆ ಕಲ್ಲು ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಆ ಕಾಗದ ತೋರಿಸಬಹುದು.

ಎರಡನೇ ಮಹಡಿ | ಜುಲೈ 3, ರಾತ್ರಿ 9:30

ನಾನು ಸಂಘದ ಸದಸ್ಯೆ, ನನಗೆ ಓಟು ಇದೆ. ಕೈ ಎತ್ತುತ್ತೇನೆ. ಟೆರೇಸಿನ ಡ್ರಮ್ಮು, ಟೈರು ತಿಂಗಳಿಗೊಮ್ಮೆ ನೋಡುವ ವಿಷಯವನ್ನೂ ಅದೇ ದಿನ ಬರೆಸಬೇಕು. ಎರಡೂ ಒಟ್ಟಿಗೆ.